ಹಣದ ಪರದೆಯೂ ಅರಿವಿನ ಹೊರೆಯೂ

ಹಣಯಂತ್ರದ ಗುಪ್ತಸಂಖ್ಯೆಗೆ ನಾಲ್ಕೇ ಅಂಕೆಗಳೇಕೆ ಎಂಬುದಕ್ಕೆ ಒಂದು ಕಥೆಯುಂಟು. 1967ರ ಜೂನ್ 27ರಂದು ಲಂಡನ್ನಿನ ಎನ್‌ಫೀಲ್ಡಿನಲ್ಲಿ ಬಾರ್‌ಕ್ಲೇಸ್ ಬ್ಯಾಂಕು ತೆರೆದ ಯಂತ್ರವನ್ನು ರೂಪಿಸಿದ ಜಾನ್ ಶೆಫರ್ಡ್-ಬ್ಯಾರನ್ ಅವರು ಮೊದಲು ಆರು ಅಂಕೆಗಳನ್ನೇ ಎಣಿಸಿದ್ದರಂತೆ. ನಾಲ್ಕನ್ನು ಮೀರಿದರೆ ತನಗೆ ನೆನಪಿರದೆಂದು ಅವರ ಪತ್ನಿ ಹೇಳಿದ್ದರಿಂದ ಸಂಖ್ಯೆ ನಾಲ್ಕಕ್ಕೆ ನಿಂತಿತು. ಕಥೆ ಅವರೇ ಹೇಳಿಕೊಂಡದ್ದು. ಗುಪ್ತಸಂಖ್ಯೆಯ ಪೇಟೆಂಟಿನಲ್ಲಿರುವ ಹೆಸರು ಮಾತ್ರ ಸ್ಕಾಟ್ಲೆಂಡಿನ ಜೇಮ್ಸ್ ಗುಡ್‌ಫೆಲೋ ಅವರದು.

ಆ ಗೃಹಿಣಿಯ ಮಾತಿಗೆ ಮನಶ್ಶಾಸ್ತ್ರದ ಬೆಂಬಲವೂ ಇಲ್ಲದಿಲ್ಲ. ಒಮ್ಮೆಗೆ ಮನಸ್ಸು ಹಿಡಿದಿಡಬಲ್ಲ ಸಂಗತಿಗಳು ಸುಮಾರು ಏಳೆಂದು ಅಮೆರಿಕದ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. 2001ರಲ್ಲಿ ನೆಲ್ಸನ್ ಕೋವನ್ ಅದನ್ನು ನಾಲ್ಕರ ಸಮೀಪಕ್ಕೆ ಇಳಿಸಿದರು. ಈ ಕಿರಿದಾದ ಜಾಗದ ಮೇಲೆ ಬೀಳುವ ಭಾರವನ್ನು ಕುರಿತು 1988ರಲ್ಲಿ ಜಾನ್ ಸ್ವೆಲ್ಲರ್ ಮಂಡಿಸಿದ ವಿಚಾರ ಹುಟ್ಟಿದ್ದು ಕಲಿಕೆಯ ಕ್ಷೇತ್ರದಲ್ಲಿಯಾದರೂ, ಇಂದು ಮೊಬೈಲು ಪರದೆಗಳನ್ನು ರಚಿಸುವವರೂ ಅದನ್ನು ನೆನೆಯುತ್ತಾರೆ.

ನಮ್ಮ ದೇಶದ ಹಣರವಾನೆಯಲ್ಲಿಯೇ ಇದನ್ನು ನೋಡಬಹುದು. ಖಾತೆಯಿಂದ ಖಾತೆಗೆ ಹಣ ಹೋಗಬೇಕಾದರೆ ಉದ್ದನೆಯ ಖಾತೆಸಂಖ್ಯೆಯ ಜೊತೆಗೆ ಶಾಖೆಯನ್ನು ಸೂಚಿಸುವ 11 ಅಕ್ಷರಾಂಕೆಗಳ ಐ.ಎಫ್.ಎಸ್.ಸಿ. ಸಂಕೇತವೂ ಬೇಕಾಗಿತ್ತು. ಅದರ ಐದನೆಯ ಸ್ಥಾನದಲ್ಲಿರುವುದು ಸೊನ್ನೆ. ಅದನ್ನು ‘ಓ’ ಅಕ್ಷರವೆಂದು ಬಗೆದು ಬರೆಯುವುದು ಸಹಜವಾದ ತಪ್ಪು. 2016ರಲ್ಲಿ ಬಂದ ಯು.ಪಿ.ಐ. ಇದಷ್ಟನ್ನೂ ಯಂತ್ರದ ಹೆಗಲಿಗೆ ಹಾಕಿ, ಜನರಿಗೆ ಒಂದು ಮೊಬೈಲು ಸಂಖ್ಯೆಯನ್ನೋ ಚೌಕದ ಚಿತ್ರವನ್ನೋ ಉಳಿಸಿತು. ತರಕಾರಿ ಮಾರುವವಳೂ ಅದನ್ನು ಒಪ್ಪಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಹೊರೆಯನ್ನೆಲ್ಲ ಇಳಿಸುವುದೇ ಜಾಣತನವೆಂದರೆ ಒಪ್ಪಲಾಗದು. ಚೆಕ್ಕಿನಲ್ಲಿ ಮೊತ್ತವನ್ನು ಅಂಕೆಗಳಲ್ಲಿಯೂ ಅಕ್ಷರಗಳಲ್ಲಿಯೂ ಬರೆಯಬೇಕೆಂಬ ಪದ್ಧತಿ ಕೈಗೆ ಶ್ರಮವೇ ಸರಿ; ಆ ಶ್ರಮವೇ ಕಾವಲು. ತಿದ್ದುವವನಿಗೆ ಅದು ತೊಡಕು, ಬರೆಯುವವನಿಗೆ ಒಂದು ಕ್ಷಣದ ವಿವೇಚನೆ. ಹಣಯಂತ್ರದಲ್ಲಿಯೂ ಇಂಥ ತಿಳಿವು ಕೆಲಸಮಾಡಿದೆ. ನೋಟು ಮೊದಲು ಬಂದರೆ, ಬಂದ ಕೆಲಸ ಮುಗಿಯಿತೆಂದು ಮನಸ್ಸು ಹಗುರಾಗಿ, ಕಾರ್ಡು ಯಂತ್ರದಲ್ಲಿಯೇ ಉಳಿಯುತ್ತದೆ. ಕಾರ್ಡನ್ನು ಮೊದಲು ಹಿಂತಿರುಗಿಸಿ, ತರುವಾಯ ನೋಟು ಕೊಡುವ ಯಂತ್ರದಲ್ಲಿ ಈ ಮರೆವಿಗೆ ಎಡೆಯಿಲ್ಲ. ಮರೆಯಬೇಡಿರೆಂದು ಗೋಡೆಯ ಮೇಲೆ ಬರೆಯುವುದಕ್ಕಿಂತ ಇದು ಮೇಲು.

ಯು.ಪಿ.ಐ.ಯಲ್ಲಿ ಈ ಕ್ಷಣದ ತಡೆ ಸಾಲದಾಯಿತು. ಹಣ ಪಡೆಯುವವರು ಗುಪ್ತಸಂಖ್ಯೆ ಒತ್ತಬೇಕಾದುದೇ ಇಲ್ಲ. ಆದರೂ ‘ನಿಮಗೆ ಹಣ ಬರುತ್ತಿದೆ, ಸಂಖ್ಯೆ ಒತ್ತಿರಿ’ ಎಂದು ನಂಬಿಸಿ, ಹಣಕೋರುವ ಸೂಚನೆಯನ್ನು ಕಳುಹಿಸಿ ಸುಲಿದವರು ಅನೇಕರು. ಕೊಡುವುದಕ್ಕೂ ಕೋರಿಕೆಯನ್ನೊಪ್ಪುವುದಕ್ಕೂ ಬೆರಳಿನ ಚಲನೆ ಒಂದೇ ಆದಾಗ, ಅಭ್ಯಾಸಬಲದಿಂದ ಒತ್ತುವ ಬೆರಳು ಓದುವ ಕಣ್ಣಿಗಾಗಿ ಕಾಯುವುದಿಲ್ಲ. ವ್ಯಕ್ತಿಯಿಂದ ವ್ಯಕ್ತಿಗೆ ಹೀಗೆ ಹಣ ಕೋರುವ ಸೌಕರ್ಯವನ್ನು ರಾಷ್ಟ್ರೀಯ ಪಾವತಿ ನಿಗಮವು 2025ರ ಅಕ್ಟೋಬರಿನಿಂದ ನಿಲ್ಲಿಸಿತು. ಮೋಸಹೋದವರನ್ನು ಅಜ್ಞಾನಿಗಳೆಂದು ಹಳಿಯುವವರು ಇದನ್ನು ಗಮನಿಸಬೇಕು.

ಭಾಷೆಯ ಹೊರೆ ಬೇರೆಯೇ ಒಂದು. ಊರಿನಿಂದ ಮಗನ ಮನೆಗೆ ಮುಂಬಯಿಗೆ ಬಂದ ತಾಯಿ ಕನ್ನಡ ಪತ್ರಿಕೆಯನ್ನು ಸರಾಗವಾಗಿ ಓದುವಳು. ಇಂಗ್ಲಿಷ್ ಪರದೆಯ ಮುಂದೆ ಮಾತ್ರ ಗುಂಡಿಗಳ ಬಣ್ಣವನ್ನೂ ಸ್ಥಾನವನ್ನೂ ಬಾಯಿಪಾಠ ಮಾಡುವಳು. ಒಂದು ದಿನ ತಂತ್ರಾಂಶ ಹೊಸದಾಗಿ ಗುಂಡಿ ಸರಿದರೆ ಆ ಪಾಠವೆಲ್ಲ ವ್ಯರ್ಥ. ಕನ್ನಡದ ಪರದೆಯಿದ್ದರೂ ಸಾಲದು. ‘ವಹಿವಾಟು ಪ್ರಕ್ರಿಯೆಯಲ್ಲಿದೆ’ ಎಂದರೆ ಹಣ ಹೋಯಿತೋ ಇಲ್ಲವೋ ಆಕೆಗೆ ತಿಳಿಯದು. ತಿಳಿಯದೆ ಮತ್ತೊಮ್ಮೆ ಕಳುಹಿಸಿಬಿಟ್ಟಾಳು. ‘ಹಣ ತಲುಪಿತೋ ಇಲ್ಲವೋ ಇನ್ನೂ ಗೊತ್ತಾಗಿಲ್ಲ, ಈಗಲೇ ಮತ್ತೆ ಕಳುಹಿಸಬೇಡಿ’ ಎಂಬ ವಾಕ್ಯ ಪರದೆಯಲ್ಲಿ ತುಸು ಹೆಚ್ಚು ಸ್ಥಳ ಹಿಡಿಯುತ್ತದೆ, ಅಷ್ಟೆ.