ಪುದೀನ ಟೀ ಊಟದ ಜೊತೆ ಬೇಡ

ಗೌನಿಪಲ್ಲಿಯ ನಿಮ್ಮ ಮನೆಯಲ್ಲಿ ಮುದ್ದೆ, ಸೊಪ್ಪಿನ ಸಾರು ಉಂಡ ಕೂಡಲೇ ಪುದೀನ ಟೀ ಕುಡಿಯುತ್ತೀರಾ? ಟೀ ಪುಡಿ ಹಾಕಿಲ್ಲವಲ್ಲ, ಏನೂ ಆಗದು ಎಂದುಕೊಳ್ಳಬೇಡಿ. ಪುದೀನದಲ್ಲೂ ಪಾಲಿಫೀನಾಲ್‌ಗಳಿವೆ. ಅವು ಆಹಾರದ ಕಬ್ಬಿಣಾಂಶಕ್ಕೆ ಅಂಟಿಕೊಂಡು, ಅದು ರಕ್ತಕ್ಕೆ ಸೇರದಂತೆ ತಡೆಯುತ್ತವೆ. 1999ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ, ಬ್ರೆಡ್ಡಿನ ಜೊತೆ ಕುಡಿದ ಪೆಪ್ಪರ್‌ಮಿಂಟ್ ಟೀ (ಇದೂ ಪುದೀನದ ಜಾತಿಯೇ) ಕಬ್ಬಿಣಾಂಶದ ಹೀರಿಕೆಯನ್ನು ಶೇ. 84ರಷ್ಟು ತಗ್ಗಿಸಿತು; ಕ್ಯಾಮೊಮೈಲ್ ಹೂವಿನ ಟೀ ಶೇ. 47ರಷ್ಟು. ಮಾಂಸದ ಕಬ್ಬಿಣಾಂಶಕ್ಕೆ ಈ ಅಡ್ಡಿ ಕಡಿಮೆ, ಆದರೆ ದಿನವೂ ಮಾಂಸ ಎಲ್ಲಿಂದ ಬರಬೇಕು?

ಟೀ ಬಿಡಬೇಕಿಲ್ಲ, ಊಟವಾಗಿ ಒಂದು ಗಂಟೆಯಾದರೂ ಕಳೆಯಲಿ. ರಮಝಾನಿನಲ್ಲಿ ಇಫ್ತಾರ್ ಜೊತೆ ಬೇಡ, ತರಾವೀಹ್ ಮುಗಿಸಿ ಬಂದು ಕುಡಿಯಿರಿ. ಗರ್ಭಿಣಿ ಸೊಸೆಗೆ ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಮಾತ್ರೆಯನ್ನಂತೂ ಟೀ ಜೊತೆ ನುಂಗಿಸಬೇಡಿ, ನಿಂಬೆ ಪಾನಕ ಕೊಡಿ.