ಶಾಕ್ ಅಂದ್ರೆ ಕರೆಂಟಲ್ಲ

ಗೆಳೆಯರೇ, ನನ್ನ ತಮ್ಮ ಯಾಕೆ ಶಾಲೆಗೆ ಬರ್ತಿಲ್ಲ ಎಂದು ನೀವೆಲ್ಲ ಕೇಳುತ್ತಿದ್ದಿರಿ. ಅವನ ಮೂತ್ರಪಿಂಡದಲ್ಲಿ ಕಲ್ಲಿತ್ತು. ಹೊಟ್ಟೆನೋವು ಅಂದಾಗ ನಾವು ಹೊಳೆನರಸೀಪುರದ ಜಾತ್ರೆ ತಿಂಡಿಯನ್ನು ಬೈದು ಸುಮ್ಮನಿದ್ದೆವು. ಹಾಸನದಲ್ಲಿ ಸ್ಕ್ಯಾನಿಂಗ್ ಮಾಡಿಸಿದಾಗ ಕಡಲೆಕಾಳಿನಷ್ಟು ಕಲ್ಲು ಕಂಡಿತು.

ಡಾಕ್ಟರು, "ಕುಯ್ಯೋದು ಬೇಡ, ಶಾಕ್ ವೇವ್ ಕೊಡಿಸಿ" ಅಂದರು. ಅಜ್ಜಿಗೆ ಕೇಳಿಸಿದ್ದು ಶಾಕ್ ಒಂದೇ. "ಎಳೇ ಮಗೀಗೆ ಕರೆಂಟ್ ಹೊಡ್ಸ್ತೀರೇನ್ಲಾ?" ಎಂದು ಊಟ ಬಿಟ್ಟಳು. ಅರಕಲಗೂಡಿನ ಅತ್ತೆ ಬಂದು ಹದಿನೈದು ದಿನ ಬಾಳೆದಿಂಡಿನ ರಸ ಕುಡಿಸಿದರು. ಕಲ್ಲು ಕದಲಲಿಲ್ಲ.

ಇಲ್ಲಿ ಶಾಕ್ ಎಂದರೆ ಬಡಿತ. ಕೆರೆಯಲ್ಲಿ ಮುಳುಗಿದ್ದಾಗ ಯಾರಾದರೂ ನೀರೊಳಗೆ ಎರಡು ಕಲ್ಲು ಕುಟ್ಟಿದರೆ ಕಿವಿಗೆ ಠಣ್ ಅಂತ ಬಡಿಯುತ್ತಲ್ಲ, ಆ ಜಾತಿಯ ಅಲೆ. ಆದರೆ ಬಹಳ ಜೋರು. ನಮ್ಮ ಮಾಂಸದಲ್ಲಿ ಹೆಚ್ಚು ಪಾಲು ನೀರೇ, ಹಾಗಾಗಿ ಅಲೆ ಸಲೀಸಾಗಿ ಹಾದುಹೋಗುತ್ತದೆ. ಗಟ್ಟಿ ಕಲ್ಲು ಎದುರಾದರೆ ಅದನ್ನು ಒಡೆಯುತ್ತದೆ. ಭೂತಗನ್ನಡಿ ಬಿಸಿಲನ್ನು ಒಂದು ಚುಕ್ಕೆಗೆ ತರುವಂತೆ ಯಂತ್ರವು ಅಲೆಗಳನ್ನು ಕಲ್ಲಿರುವ ಜಾಗಕ್ಕೇ ಕೂಡಿಸುತ್ತದೆ. ಇದನ್ನು ಮಾಡಿದ್ದು ಜರ್ಮನಿಯ ಡಾರ್ನಿಯರ್ ಎಂಬ ವಿಮಾನ ಕಂಪನಿ! 1980ರಲ್ಲಿ ಮ್ಯೂನಿಕ್‌ನಲ್ಲಿ ಮೊದಲ ರೋಗಿಯನ್ನು ನೀರಿನ ತೊಟ್ಟಿಗೆ ಇಳಿಸಿ ಅಲೆ ಕೊಟ್ಟರು. ಈಗ ನೀರು ತುಂಬಿದ ದಿಂಬನ್ನು ಮೈಗೆ ಒತ್ತಿದರೆ ಸಾಕು.

ಮೇಷ್ಟ್ರು ಮನೆಗೆ ಬಂದು ಇದನ್ನೆಲ್ಲ ಹೇಳಿದ ಮೇಲೆ ಅಜ್ಜಿ ಒಪ್ಪಿದಳು. ಚನ್ನರಾಯಪಟ್ಟಣದ ಮೇಲೆ ಬೆಂಗಳೂರಿಗೆ ಹೋದೆವು. ಮಗು ಅಲುಗಿದರೆ ಗುರಿ ತಪ್ಪುತ್ತದೆಂದು ಅರಿವಳಿಕೆ ಕೊಟ್ಟರು. ಬಾಗಿಲಾಚೆಗೂ ಟಕ್ ಟಕ್ ಸದ್ದು. ಅಪ್ಪ ಒಂದು ಮಾತೂ ಆಡಲಿಲ್ಲ.

ಎರಡು ದಿನ ಮೂತ್ರ ಕೆಂಪಗಿತ್ತು. ಅದಕ್ಕೆ ಹೆದರಬೇಡಿ, ಜ್ವರ ಬಂದರೆ, ಮೂತ್ರ ಕಟ್ಟಿದರೆ ತಕ್ಷಣ ಬನ್ನಿ ಅಂದರು. ಮಕ್ಕಳ ಮೂತ್ರನಾಳ ಚೆನ್ನಾಗಿ ಹಿಗ್ಗುವುದರಿಂದ ಚೂರುಗಳು ದೊಡ್ಡವರಿಗಿಂತ ಸುಲಭವಾಗಿ ಇಳಿಯುತ್ತವಂತೆ. ಅವ್ವ ಬಟ್ಟೆಯಲ್ಲಿ ಸೋಸಿ ಹಿಡಿದಳು: ರವೆಯಂಥ ಚೂರು! ಅದನ್ನು ಪರೀಕ್ಷಿಸಿದರೆ ಕಲ್ಲು ಯಾವ ಬಗೆಯದೆಂದು ಗೊತ್ತಾಗುತ್ತದೆ. ಮಕ್ಕಳಲ್ಲಿ ಕಲ್ಲು ಮತ್ತೆ ಕಟ್ಟುವುದುಂಟು, ಅದಕ್ಕೇ ಈ ಪರೀಕ್ಷೆ. ಕಲ್ಲು ತುಂಬ ದೊಡ್ಡದಿದ್ದರೆ, ಕೆಳಗೆ ದಾರಿ ಮುಚ್ಚಿದ್ದರೆ ಬೇರೆ ಚಿಕಿತ್ಸೆಯೇ ಬೇಕು; ಕೆಲವರಿಗೆ ಎರಡು ಸಲ ಕೊಡಬೇಕಾಗುತ್ತದೆ.

ಅನ್ನದಲ್ಲಿ ಸಿಗುವ ಕಲ್ಲು ನುಂಗಿದರೆ ಹೀಗಾಗುವುದಿಲ್ಲ, ಅದು ಹೋಗುವ ದಾರಿಯೇ ಬೇರೆ. ನೀರು ಕಡಿಮೆಯಾದಾಗ ಮೂತ್ರದ ಲವಣ ಹರಳುಗಟ್ಟುತ್ತದೆ. ತಮ್ಮ ಬೆಳಿಗ್ಗೆಯಿಂದ ಸಂಜೆವರೆಗೆ ಒಂದು ಲೋಟವೂ ಕುಡಿಯುತ್ತಿರಲಿಲ್ಲ. ಈಗ ಬಾಟಲಿ ತರ್ತಾನೆ, ಪಾಠದ ನಡುವೆ ಎದ್ದು ಹೋದರೆ ನಗಬೇಡಿ.

ಮುಂದಿನ ವಾರ ಹಾಸನದಲ್ಲಿ ಮತ್ತೆ ಸ್ಕ್ಯಾನಿಂಗ್. ಅಜ್ಜಿ ತಾನೂ ಬರ್ತೀನಿ ಅಂತಿದಾಳೆ.