ಬಚ್ಚಲಿನ ಸ್ವಿಚ್ಚು ಹೊರಗಿರಲಿ

ನಿಮ್ಮ ಮನೆಯ ಬಚ್ಚಲಿನ ದೀಪದ ಸ್ವಿಚ್ಚು ಎಲ್ಲಿದೆ? ಬಾಗಿಲ ಹೊರಗೋ, ಒಳಗೋ? ಇದೂ ಒಂದು ಪ್ರಶ್ನೆಯೇ ಎಂದು ನಗಬೇಡಿ. ಹೋದ ಮಳೆಗಾಲದವರೆಗೆ ನಾನೂ ಇದರ ಬಗ್ಗೆ ತಲೆ ಕೆಡಿಸಿಕೊಂಡವಳಲ್ಲ.

ನಮ್ಮದು ಹಳೆಯ ಮನೆ. ಬಚ್ಚಲಿನ ಸ್ವಿಚ್ಚು ಗೋಡೆಯ ಮೇಲೆ ಇರಲೇ ಇಲ್ಲ. ಮೇಲೆ ಸೂರಿಗೆ ಅಂಟಿಕೊಂಡಿತ್ತು. ಅದರಿಂದ ಒಂದು ದಾರ ಇಳಿಬಿಟ್ಟಿತ್ತು. ಎಳೆದರೆ 'ಟಕ್' ಎಂದು ಬೆಳಕು, ಮತ್ತೆ ಎಳೆದರೆ ಕತ್ತಲು. ನಮ್ಮ ಮಾವನವರು ಆಸೆಪಟ್ಟು ಹಾಕಿಸಿದ್ದಂತೆ. ಹಂಡೆಯೊಲೆಯ ಹೊಗೆ, ಎಣ್ಣೆ ಕೈ, ಸೀಗೆಪುಡಿಯ ಕೈ ಎಲ್ಲ ತಾಗಿ ಆ ದಾರದ ಮೂಲ ಬಣ್ಣ ಯಾವುದೆಂದು ದೇವರೇ ಬಲ್ಲ. ಒಮ್ಮೆ ಹರಿದಾಗ ನಾನೇ ಲಂಗದ ಲಾಡಿ ಕಟ್ಟಿ ತಿಂಗಳುಗಟ್ಟಲೆ ಸುಧಾರಿಸಿದ್ದೂ ಉಂಟು!

ಆಷಾಢದ ಒಂದು ರಾತ್ರಿ ಅತ್ತೆಯವರು ಎಳೆದಾಗ ಒಳಗಿನ ಕೊಂಡಿಯೇ ಮುರಿದು ದಾರ ಅವರ ಕೈಗೆ ಬಂತು. "ಏ ಇವಳೇ, ದೀಪ ಕೈಗೇ ಬಂತಲ್ಲೇ!" ಎಂದು ಕತ್ತಲಲ್ಲೇ ಕೂಗಿದರು.

ಮಾರನೆಯ ದಿನ ಕರೆಂಟ್ ಕೆಲಸದ ಹುಡುಗ ಬಂದ. ಮೇಲೆ ನೋಡಿ ನಕ್ಕ. "ಇದನ್ನ ಈಗ ಯಾರು ಹಾಕಿಸ್ತಾರಮ್ಮಾ? ಇದೇ ವೈರು ಕೆಳಗೆ ಇಳಿಸಿ, ನಲ್ಲಿ ಪಕ್ಕದ ಗೋಡೇಲಿ ಒಂದು ಸ್ವಿಚ್ಚು ಕೂರಿಸಿಬಿಡ್ತೀನಿ. ಅರ್ಧ ಗಂಟೆ ಕೆಲಸ."

ಒಲೆಯ ಮೇಲೆ ಹಾಲಿತ್ತು. "ಆಗಲಪ್ಪಾ, ಮಾಡು" ಎಂದೇ ಬಿಡುತ್ತಿದ್ದೆ. ಅಷ್ಟರಲ್ಲಿ ನನ್ನ ತಂಗಿಯ ಬಳೆಗಳು ನೆನಪಾದವು.

ಅವಳ ಮನೆಯಲ್ಲಿ ಸ್ವಿಚ್ಚು ಬಚ್ಚಲಿನ ಒಳಗೇ ಇತ್ತು. ಒಂದು ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಸೋಪಿನ ಕೈಯಲ್ಲೇ ದೀಪ ಆರಿಸಲು ಹೋಗಿದ್ದಾಳೆ. ಸ್ವಿಚ್ಚಿನೊಳಗೆ ಯಾವಾಗಲೋ ನೀರಿಳಿದಿತ್ತು. ಯಾರೋ ಹಿಡಿದು ತಳ್ಳಿದ ಹಾಗಾಯಿತಂತೆ. ಬಿದ್ದದ್ದು ಹಂಡೆಯ ಕಟ್ಟೆಯ ಮೇಲೆ. ಬಳೆಗಳೆಲ್ಲ ಚೂರು, ಮೊಣಕೈಗೆ ಹೊಲಿಗೆ. ಅಷ್ಟಕ್ಕೇ ಮುಗಿಯಿತೆಂದು ನಾವು ಹಣ್ಣುಕಾಯಿ ಮಾಡಿಸಿಕೊಂಡು ಬಂದೆವು.

ಹಾಗಾಗಿ ಹುಡುಗನಿಗೆ "ತಡಿಯಪ್ಪಾ" ಎಂದೆ.

ದಾರದ ಸ್ವಿಚ್ಚು ಹಳೆಯ ಕಾಲದ ಚೋದ್ಯವೆಂದು ನಾನು ತಿಳಿದಿದ್ದೆ. ಆದರೆ ಮಗಳ ಬಾಣಂತನಕ್ಕೆಂದು ಇಂಗ್ಲೆಂಡಿಗೆ ಹೋಗಿಬಂದ ನಮ್ಮ ಕಡೆಯ ಅಮ್ಮಂದಿರನ್ನು ಕೇಳಿ ನೋಡಿ. ಅಲ್ಲಿ ಇಂದಿಗೂ ಎಷ್ಟೋ ಮನೆಗಳ ಸ್ನಾನದ ಕೋಣೆಯಲ್ಲಿ ದಾರವೇ. ಕೆಲವು ಕಡೆ ಎರಡಿರುತ್ತವೆ, ಒಂದು ದೀಪಕ್ಕೆ, ಇನ್ನೊಂದು ಕರೆಂಟಿನ ಷವರಿಗೆ. ಎರಡನೆಯದನ್ನು ಎಳೆಯದೆ ನಿಂತರೆ ಬಿಸಿನೀರು ಬರುವುದಿಲ್ಲ. ಅಂಗವಿಕಲರಿಗೆಂದು ಇರುವ ಸಾರ್ವಜನಿಕ ಶೌಚಾಲಯಗಳಲ್ಲಿ ಕೆಂಪು ದಾರವೊಂದಿರುತ್ತದೆ. ದೀಪವೆಂದು ಅದನ್ನೆಳೆದರೆ ಗಂಟೆ ಬಾರಿಸಿ, ಯಾರಿಗೋ ಏನೋ ಆಯಿತೆಂದು ಜನ ಓಡಿ ಬರುತ್ತಾರೆ!

ಟಬ್ಬಿನಲ್ಲಿರುವವರ ಒದ್ದೆ ಕೈಗೆ ಸಾಧಾರಣ ಗೋಡೆಯ ಸ್ವಿಚ್ಚು ಎಟುಕಬಾರದೆಂಬುದು ಅಲ್ಲಿನ ನಿಯಮ. ಒದ್ದೆ ಕೈ ಮುಟ್ಟುವುದು ದಾರವನ್ನು, ಕರೆಂಟು ಇರುವುದು ಮೇಲೆ ಸೂರಿನಲ್ಲಿ. ಅಂದರೆ ನಮ್ಮ ಮಾವನವರ ದಾರ ಇಷ್ಟು ವರ್ಷ ನಮ್ಮನ್ನು ಕಾಯುತ್ತಿತ್ತು. ಅದನ್ನು ತೆಗೆದು ಅದೇ ವೈರನ್ನು ನಲ್ಲಿಯ ಪಕ್ಕಕ್ಕೆ ಇಳಿಸಿದರೆ ಕಾವಲುಗಾರನನ್ನು ಕಳಿಸಿ ಕಳ್ಳನಿಗೆ ಮಣೆ ಹಾಕಿದಂತಾಯಿತಲ್ಲವೇ? ದಾರ ಹೋಗುವುದಾದರೆ ಸ್ವಿಚ್ಚು ಬಾಗಿಲ ಹೊರಗೇ ಬರಬೇಕು. ಗೀಜರಿನ ದೊಡ್ಡ ಸ್ವಿಚ್ಚಿಗೂ ಇದೇ ಮಾತು.

ಹುಡುಗ ತಲೆ ಕೆರೆದುಕೊಂಡ. ಗೋಡೆ ಕೊರೆಯಬೇಕು, ಹೊಸ ವೈರೆಳೆಯಬೇಕು, ಅರ್ಧ ದಿನ ಹಿಡಿಯುತ್ತದೆ ಎಂದ. "ಹಿಡೀಲಿ, ಮಧ್ಯಾಹ್ನದ ಊಟ ಇಲ್ಲೇ ಮಾಡು" ಎಂದೆ. ಹುಳಿ, ಪಲ್ಯ ಹೇಗೂ ಆಗಿತ್ತು.

ಮೇನ್ ಸ್ವಿಚ್ ಆರಿಸುವ ಮುಂಚೆ ಅವನು ಬಲ್ಬಿನ ಹೋಲ್ಡರಿಗೆ ಟೆಸ್ಟರ್ ಇಟ್ಟು ನೋಡಿದ. ಸ್ವಿಚ್ಚು ಮುರಿದಿದೆ, ದೀಪ ಉರಿಯುತ್ತಿಲ್ಲ, ಆದರೂ ಟೆಸ್ಟರ್ ಮಿನುಗಿತು! ಅವನ ಮುಖದ ನಗು ಹೋಯಿತು. ಹಿಂದೆ ಯಾರೋ ಸ್ವಿಚ್ಚನ್ನು ಫೇಸಿನ ಬದಲು ನ್ಯೂಟ್ರಲ್ ವೈರಿಗೆ ಜೋಡಿಸಿದ್ದರು. ಹಾಗೆ ಮಾಡಿದರೂ ದೀಪ ಹತ್ತುತ್ತದೆ, ಆರುತ್ತದೆ, ಯಾರಿಗೂ ಸಂಶಯ ಬರುವುದಿಲ್ಲ. ಆದರೆ ಆರಿಸಿದ ಮೇಲೂ ಹೋಲ್ಡರಿನಲ್ಲಿ ೨೩೦ ವೋಲ್ಟ್ ಕಾದು ಕೂತಿರುತ್ತದೆ. ಒದ್ದೆ ನೆಲದ ಮೇಲೆ ಸ್ಟೂಲಿಟ್ಟು ಅಲ್ಲಿ ನಾನೆಷ್ಟು ಬಲ್ಬು ಬದಲಾಯಿಸಿದ್ದೇನೋ! ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ನಿಮ್ಮ ಮನೆಗೆ ಯಾವುದಾದರೂ ಕೆಲಸಕ್ಕೆ ಇಂಥವರು ಬಂದಾಗ, ಎಲ್ಲ ಸ್ವಿಚ್ಚುಗಳೂ ಫೇಸಿನ ಮೇಲೇ ಇವೆಯೇ ಎಂದು ನೋಡಿಸಿ. ಐದು ನಿಮಿಷದ ಕೆಲಸ.

ಹೊರಗಿನ ಪಡಸಾಲೆಯ ಬೋರ್ಡಿನಿಂದ ಫೇಸು, ನ್ಯೂಟ್ರಲ್, ಅರ್ತು ಮೂರನ್ನೂ ಹೊಸದಾಗಿ ಎಳೆಸಿದೆ. ದೀಪಕ್ಕೆ ೧.೫ ಚದರ ಮಿಲಿಮೀಟರಿನ ತಾಮ್ರದ ವೈರು ಸಾಕು. ಹಳೆಯ ವೈರಿಗೆ ತುಂಡು ಜೋಡಿಸಿ, ಟೇಪು ಸುತ್ತಿ, ಮೇಲೆ ಗಾರೆ ಮೆತ್ತಲು ಬಿಡಬೇಡಿ. ನಮ್ಮ ಮಲೆನಾಡಿನ ಗೋಡೆಗಳು ನಾಲ್ಕು ತಿಂಗಳು ನೀರು ಕುಡಿಯುತ್ತವೆ.

ಹಾಗೆಯೇ ನಾನು ಹಟ ಹಿಡಿದು ಹಾಕಿಸಿದ್ದು ಆರ್‌ಸಿಸಿಬಿ. "ಎಂಸಿಬಿ ಇದೆಯಲ್ಲಮ್ಮಾ" ಎಂದ ಹುಡುಗ. ಇದೆ, ಆದರೆ ದೀಪದ ಎಂಸಿಬಿ ೬ ಆಂಪಿಯರಿನದು. ಅದಿರುವುದು ವೈರು ಸುಡದಂತೆ ಕಾಯಲು. ಮನುಷ್ಯರ ಪ್ರಾಣಕ್ಕೆ ಅದರ ಇನ್ನೂರರಲ್ಲಿ ಒಂದು ಪಾಲು, ೩೦ ಮಿಲಿ ಆಂಪಿಯರೇ ಅಪಾಯದ ಗಡಿ. ಹೋದ ಕರೆಂಟು ಪೂರ್ತಿ ಹಿಂದಿರುಗಿ ಬರುತ್ತಿದೆಯೇ ಎಂದು ಆರ್‌ಸಿಸಿಬಿ ಲೆಕ್ಕ ಇಡುತ್ತದೆ. ಯಾರದೋ ಮೈ ಮೂಲಕ ನೆಲಕ್ಕೆ ಸೋರಿದರೆ, ಲೆಕ್ಕ ತಪ್ಪಿದ್ದು ತಿಳಿದು ಕಣ್ಣು ಮಿಟುಕಿಸುವುದರೊಳಗೆ ಕಡಿದುಬಿಡುತ್ತದೆ. ಕೊಳ್ಳುವಾಗ '೩೦ ಮಿಲಿ ಆಂಪಿಯರ್' ಎಂದು ಬರೆದಿರುವುದನ್ನೇ ಕೇಳಿ ತನ್ನಿ. ಇದೂ ಸರ್ವರಕ್ಷಕನಲ್ಲ ಅನ್ನಿ. ಫೇಸು, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಮುಟ್ಟಿದರೆ ಅದಕ್ಕೆ ತಿಳಿಯುವುದಿಲ್ಲ. ಅದರ ಮೇಲೊಂದು ಪರೀಕ್ಷೆಯ ಗುಂಡಿ ಇರುತ್ತದೆ. ಪ್ರತಿ ಅಮಾವಾಸ್ಯೆಗೆ ನಾನು ಅದನ್ನು ಒತ್ತುತ್ತೇನೆ. ಒತ್ತಿದೊಡನೆ ಕರೆಂಟು ಹೋಗಬೇಕು, ಹೋಗದಿದ್ದರೆ ರಿಪೇರಿಯವರಿಗೆ ಹೇಳಿಕಳಿಸಬೇಕು. ಬೇಸಿಗೆಯಲ್ಲಿ ಅರ್ತಿಂಗ್ ಗುಂಡಿಗೆ ಎರಡು ಕೊಡ ನೀರು ಸುರಿಯುವುದನ್ನೂ ಮರೆಯಬೇಡಿ.

ಇದೆಲ್ಲ ಇದ್ದರೂ ಬಕೆಟ್ಟಿಗೆ ಇಳಿಬಿಡುವ ನೀರು ಕಾಯಿಸುವ ಕಾಯಿಲ್ ಕಂಡರೆ ನನಗೆ ಭಯವೇ. ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತ ಮೇಲಷ್ಟೇ ನೀರಿಗೆ ಬೆರಳು ಅದ್ದಿ. "ಬಿಸಿ ಆಗಿದೆಯಾ ನೋಡು" ಎಂದು ಮಕ್ಕಳಿಗೆ ಹೇಳಲೇಬೇಡಿ. ಇನ್ನು, ಕೆಲಸಕ್ಕೆ ಕರೆಯುವವರಿಗೆ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಇದೆಯೇ ಎಂದು ಕೇಳಲು ಸಂಕೋಚ ಬೇಡ. ಚಿನ್ನದ ಅಂಗಡಿಯಲ್ಲಿ ಹಾಲ್‌ಮಾರ್ಕ್ ಕೇಳುತ್ತೇವಲ್ಲ!

ಹೊಸ ಸ್ವಿಚ್ಚಿನಿಂದ ಅತ್ತೆಯವರಿಗೆ ಸಮಾಧಾನವಾಗಲಿಲ್ಲ. ಅವರಿಗೆ ಬೆರಳು ಸಂದುಗಳ ನೋವು. ದಾರವಾದರೆ ಮುಂಗೈಗೆ ಸುತ್ತಿ ಎಳೆಯುತ್ತಿದ್ದರು. ಈ ಮಾತಿನಲ್ಲಿ ನ್ಯಾಯವಿತ್ತು. ಅದಕ್ಕೇ ಅಗಲವಾದ ಸ್ವಿಚ್ಚು ತಂದು, ಅವರ ಮೊಣಕೈ ಎತ್ತರಕ್ಕೆ ಹಾಕಿಸಿದೆ. ರಾತ್ರಿ ತಡಕಾಡದಿರಲೆಂದು ಸಣ್ಣ ಕೆಂಪು ದೀಪವಿರುವುದನ್ನೇ ಆರಿಸಿದ್ದು. ಅದರಿಂದ ಒಂದು ಚೋದ್ಯ! ಆರಿಸಿದ ಮೇಲೂ ಎಲ್‌ಇಡಿ ಬಲ್ಬು ಮಿಣಮಿಣ ಎನ್ನುತ್ತಿತ್ತು. ಆ ಪುಟ್ಟ ದೀಪದ ಮೂಲಕ ಹರಿಯುವ ಚೂರು ಕರೆಂಟಿಗೇ ಕೆಲವು ಎಲ್‌ಇಡಿಗಳು ಹೀಗೆ ಮಿನುಗುತ್ತವಂತೆ. ಬೇರೆ ಕಂಪೆನಿಯ ಬಲ್ಬು ಹಾಕಿದ ಮೇಲೆ ನಿಂತಿತು.

ಎತ್ತರ ಕಡಿಮೆಯಾದದ್ದರಿಂದ ಈಗ ನಮ್ಮ ಮೊಮ್ಮಗನಿಗೂ ಅದು ಎಟುಕುತ್ತದೆ. ಒಳಗೆ ಅಜ್ಜಿಯರಿದ್ದಾಗ ದೀಪ ಆರಿಸಿ ಓಡುವುದು ಅವನ ಹೊಸ ಆಟ. ಅತ್ತೆಯವರು ಒಳಗೆ ಹೋದರೆ ಹೊರಗೆ ಬರುವವರೆಗೆ ದೇವರನಾಮ ಹೇಳುತ್ತಲೇ ಇರುತ್ತಾರೆ. ನಾನು ಕೆಮ್ಮುತ್ತಿರುತ್ತೇನೆ.